ಗುಂಗುರು ಕುದುರೆಗೆ ಎಣ್ಣೆಸ್ನಾನ

ಕುದುರೆ ಲಾಯದಲ್ಲಿ ಕೆಲಸಕ್ಕೆ ಸೇರಬೇಕು, ಏನು ಮಾಡಲಿ ಆಂಟಿ ಎಂದು ನನಗೆ ಮೆಸೇಜು ಹಾಕುವ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಸವಾರಿ ಕಡಿಮೆ, ಲದ್ದಿ ಜಾಸ್ತಿ. ಬೂಟು ಹೊಳೆಯುವುದು ಫೋಟೋದಲ್ಲಿ ಮಾತ್ರ. ಮೂರು ದಶಕಕ್ಕೂ ಮಿಕ್ಕಿ ಬೇ ಏರಿಯಾದ ಲಾಯಗಳಲ್ಲಿ ಕುದುರೆ ಪಳಗಿಸಿ, ಮಕ್ಕಳಿಗೆ ಸವಾರಿ ಕಲಿಸಿ, ಹೋದ ವರ್ಷ ಮೊಣಕಾಲು ಕೈಕೊಟ್ಟಿತೆಂದು ನಿಲ್ಲಿಸಿದೆ. ಯಾವಾಗ ಹೆಡ್ ಟ್ರೈನರ್ ಆದೆ, ಎಷ್ಟು ಬಹುಮಾನದ ರಿಬ್ಬನ್ನು ಬಂತು ಎನ್ನುವುದೆಲ್ಲ ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿ ಯಾರೂ ಏನೂ ಕಲಿಯುವುದಿಲ್ಲ.

ಹೋದ ವಾರ ಒಂದು ಹಳೆಯ ಫೋಟೋ ಹಾಕಿದ್ದೆ. ಮೈತುಂಬ ಗುಂಗುರು ಕೂದಲಿನ ಕಂದು ಕುದುರೆ, ಪಕ್ಕದಲ್ಲಿ ನನ್ನ ತಂಗಿ ಸುಧಾ. ಒಬ್ಬರು "ಮೇಡಂ, ಇದು ಕುರಿಗೂ ಕುದುರೆಗೂ ಹುಟ್ಟಿದ್ದಾ?" ಎಂದು ಕೇಳಿದ್ದಾರೆ. ಅಲ್ಲ. ಅಂಥದ್ದೊಂದು ತಳಿಯೇ ಇದೆ. ಚಳಿಗಾಲದಲ್ಲಿ ಮೈಮೇಲೆ ಸುರುಳಿ ಸುರುಳಿಯಾಗಿ ಕೂದಲು ಬೆಳೆಯುತ್ತದೆ, ಕಿವಿಯ ಒಳಗೂ. ರೆಪ್ಪೆಗಳು ಕೂಡ ಗುಂಗುರು. ನಾನು ಈ ಕೆಲಸದಲ್ಲಿ ಉಳಿದದ್ದು ಆ ಒಂದು ಕುದುರೆಯಿಂದ. ಹಾಗಾಗಿ ಅವನ ಕಥೆಯನ್ನೇ ಹೇಳುತ್ತೇನೆ.

ಎಂಬತ್ತರ ದಶಕ. ನಾನು ಹೈಸ್ಕೂಲಿನ ಕೊನೆಯಲ್ಲಿದ್ದೆ. ಮೈಸೂರಿನಿಂದ ಬಂದ ಅಪ್ಪ ಸ್ಯಾನ್ ಹೊಸೆಯಲ್ಲಿ ಎಂಜಿನಿಯರು. ನಮ್ಮ ಪರಿಚಯದವರ ಮಕ್ಕಳೆಲ್ಲ ಲೈಬ್ರರಿ, ಲ್ಯಾಬು ಎಂದು ಪಾರ್ಟ್‌ಟೈಮು ಹಿಡಿದರೆ ನಾನು ಲಾಸ್ ಆಲ್ಟೋಸಿನ ಹಿಂದಿನ ಗುಡ್ಡದಲ್ಲಿದ್ದ ಒಂದು ಕುದುರೆ ಲಾಯ ಹಿಡಿದೆ. ಅಮ್ಮ ದೇವಸ್ಥಾನದಲ್ಲಿ ಯಾರಾದರೂ ಕೇಳಿದರೆ "ಪ್ರಾಣಿಗಳ ಡಾಕ್ಟರ್ ಹತ್ರ ಏನೋ ಟ್ರೈನಿಂಗು" ಎನ್ನುತ್ತಿದ್ದಳು. ಟ್ರೈನಿಂಗು ಏನೆಂದರೆ ಸಲಿಕೆ.

ಲಾಯದ ಒಡತಿ ಲೊರೇನ್. ಇಂಟರ್‌ವ್ಯೂ ಎಂದು ಹೋದ ದಿನ ಕೈಗೆ ಸಲಿಕೆ ಕೊಟ್ಟು "ಆ ತುದಿಯಿಂದ ಶುರು ಮಾಡು" ಎಂದಳು. ನನ್ನ ಹೆಸರು ಕೇಳಿದ್ದು ಸಂಜೆ. ಹೊಗಳುವುದು ಅವಳ ಜಾಯಮಾನವೇ ಅಲ್ಲ. ದಿನದ ಕೊನೆಗೆ ಒಂದೇ ಪ್ರಶ್ನೆ: "ಎಲ್ಲಾ ಕುದುರೆನೂ ಬದುಕಿದೆ ತಾನೆ?" ಹೌದು ಎಂದರೆ "ಸರಿ, ನಾಳೆ ಬಾ." ಆಮೇಲೆ ಎಷ್ಟೋ ಬಾಸುಗಳ ಕೈಕೆಳಗೆ ದುಡಿದೆ. ನಗುನಗುತ್ತಾ ಬೆನ್ನು ತಟ್ಟಿ, ಕುಂಟುವ ಕುದುರೆಯನ್ನು ಪಾಠಕ್ಕೆ ಹಾಕು ಎನ್ನುವವರೂ ಸಿಕ್ಕರು. ನಿಮಗೆ ಲೊರೇನ್ ಥರದವಳು ಸಿಕ್ಕರೆ ಬಿಡಬೇಡಿ.

ಆ ಗುಂಗುರು ಕುದುರೆ ಬಂದದ್ದು ಬೇಸಿಗೆಯ ಕೊನೆಯಲ್ಲಿ. ನೆವಾಡಾದ ರಾಂಚಿನವನೊಬ್ಬ ಯಾರಾದರೂ ಕೊಳ್ಳುತ್ತಾರಾ ನೋಡಿ ಹೇಳು ಎಂದು ಅದನ್ನು ಲೊರೇನ್ ಹತ್ತಿರ ಬಿಟ್ಟು ಹೋಗಿದ್ದ. ಯಾರಿಗೂ ಹೊಂದದಿದ್ದರೆ ವಸಂತದಲ್ಲಿ ವಾಪಸು ಕೊಂಡೊಯ್ಯುವ ಮಾತು. ಟ್ರೇಲರಿನಿಂದ ಇಳಿದಾಗ ಕತ್ತಿನ ಮೇಲೆ ಜೂಲೇ ಇರಲಿಲ್ಲ. ಬಾಲ ಹಳೆಯ ಪೊರಕೆಯಂತಿತ್ತು. ಮೈಮೇಲೆ ಅಲೆಅಲೆಯಾಗಿ ಏನೋ ಎದ್ದಿತ್ತು. ಲಾಯದಲ್ಲಿ ಸ್ವಂತ ಕುದುರೆ ಇಟ್ಟಿದ್ದ ಶ್ರೀಮಂತರೆಲ್ಲ ಚರ್ಮರೋಗವೆಂದು ಹೆದರಿ ತಮ್ಮ ಕುದುರೆಗಳನ್ನು ದೂರಕ್ಕೆ ಕಟ್ಟಿಸಿದರು. ಲಾಳ ಹೊಡೆಯುವವನು ಸುತ್ತು ಹಾಕಿ ನೋಡಿ "ನನ್ನ ಹೆಂಡತಿ ಪರ್ಮ್ ಮಾಡಿಸೋ ಪಾರ್ಲರಿಗೇ ಇವನೂ ಹೋಗಿದ್ದಾನೆ" ಎಂದ. ಕುದುರೆ ಡಾಕ್ಟರು ಬಂದು, ರೋಗ ಏನೂ ಇಲ್ಲ, ಈ ತಳಿಯಲ್ಲಿ ಎಷ್ಟೋ ಕುದುರೆಗೆ ಬೇಸಿಗೆಯಲ್ಲಿ ಜೂಲು ಉದುರಿ ಚಳಿಗೆ ಮತ್ತೆ ಬರುತ್ತದೆ ಎಂದು ಹೇಳಿ ಹೋದರು. ಆದರೂ ಆ ಶ್ರೀಮಂತರ ಬಾಯಿ ಮುಚ್ಚಿಸುವುದಕ್ಕೆ ಲೊರೇನ್ ಅವನನ್ನು ಲಾಯದಿಂದಾಚೆ, ಓಕ್ ಮರದ ಕೆಳಗಿನ ಬೇಲಿಯೊಳಗೆ ಒಬ್ಬನನ್ನೇ ಬಿಟ್ಟಳು. ಕಾಗದದಲ್ಲಿ ಅವನಿಗೆ ಉದ್ದದ ಹೆಸರಿತ್ತು. ಅಮ್ಮ ಒಂದು ಸಲ ನೋಡಿ "ಗುಂಗ" ಎಂದಳು. ಅದೇ ಉಳಿಯಿತು.

ನವೆಂಬರಿನ ಹೊತ್ತಿಗೆ ಡಾಕ್ಟರು ಹೇಳಿದ್ದು ನಿಜವಾಯಿತು. ಗುಂಗನ ಮೈಯೆಲ್ಲ ಸುರುಳಿ. ಒಂದು ಭಾನುವಾರ ಯಾರೋ ನೋಡಲು ಬರುತ್ತಾರೆಂದು ಲೊರೇನ್ ನನಗೆ "ಇವನನ್ನು ಚೆನ್ನಾಗಿ ಬ್ರಶ್ ಮಾಡು" ಎಂದಳು. ಮಾಡಿದೆ. ಬ್ರಶ್ ಮಾಡಿದಷ್ಟೂ ಸುರುಳಿ ಬಿಚ್ಚಿಕೊಂಡು, ಕೊನೆಗೆ ಹರಿದ ಹಾಸಿಗೆಯಿಂದ ಹತ್ತಿ ಹೊರಬಂದ ಹಾಗೆ ಆಗಿ ನಿಂತ. ಬಂದವರು ನಕ್ಕು ಹೋದರು. ಅಷ್ಟರಲ್ಲಿ ನನ್ನನ್ನು ಕರೆದೊಯ್ಯಲು ಅಮ್ಮ ಬಂದಳು.

"ಅಯ್ಯೋ ಗೀತಾ, ಯಾರೇ ಇವನ ತಲೆ ಹಾಳ್ಮಾಡಿದ್ದು?"

"ಲೊರೇನ್ ಹೇಳಿದ್ಲಮ್ಮ, ಬ್ರಶ್ ಮಾಡು ಅಂತ."

"ಅವಳ ಕೂದ್ಲು ನೋಡು, ನೂಲಿನ ಹಾಗಿದೆ. ಅವಳಿಗೇನು ಗೊತ್ತು? ಗುಂಗುರು ಕೂದ್ಲಿಗೆ ಒಣಗಿದ್ದಾಗ ಬಾಚಣಿಗೆ ಹಾಕ್ತಾರಾ? ನೀರು ತಾ."

ಅಮ್ಮನದೂ ಗುಂಗುರು ಕೂದಲು. ಸೀರೆಯ ಸೆರಗು ಸಿಕ್ಕಿಸಿಕೊಂಡು, ಮೇಲೆ ಅಪ್ಪನ ಹಳೆಯ ಜಾಕೆಟ್ಟು ಹಾಕಿಕೊಂಡು, ಒದ್ದೆ ಬೆರಳಲ್ಲಿ ಒಂದೊಂದೇ ಹಿಡಿ ಕೂದಲನ್ನು ಹಿಂಡಿ ಬಿಡುತ್ತಾ ಹೋದಳು. ಒಣಗಿದ ಮೇಲೆ ಸುರುಳಿಗಳೆಲ್ಲ ವಾಪಸು ಬಂದವು. ಲೊರೇನ್ ಬೇಲಿಗೆ ಒರಗಿ ಪೂರ್ತಿ ನೋಡಿ "ನಿಮ್ಮಮ್ಮನಿಗೆ ಕೆಲಸ ಬೇಕಾ?" ಎಂದಳು. ಅವಳ ಬಾಯಿಂದ ನಾನು ಕೇಳಿದ ದೊಡ್ಡ ಹೊಗಳಿಕೆ ಅದೇ, ಅದೂ ನನಗಲ್ಲ. ಅಲ್ಲಿಂದ ಮುಂದೆ ಗುಂಗನ ಕೂದಲಿನ ಖಾತೆ ಅಮ್ಮನದು. ಈಗ ಈ ತಳಿಗೆಂದೇ ಬಗೆಬಗೆಯ ಸ್ಪ್ರೇ, ಅಗಲ ಹಲ್ಲಿನ ಬಾಚಣಿಗೆ, ಗಂಟೆಗಟ್ಟಲೆ ವೀಡಿಯೋ ಎಲ್ಲ ಇವೆ. ಅವುಗಳಲ್ಲಿ ಹೇಳುವುದೂ ಇಷ್ಟೇ: ಒಣ ಕೂದಲಿಗೆ ಬ್ರಶ್ ಮುಟ್ಟಿಸಬೇಡಿ.

ಇನ್ನು ಸುಧಾ. ನನಗಿಂತ ಆರು ವರ್ಷ ಚಿಕ್ಕವಳು. ಅಪ್ಪನಿಗೆ ಆಸ್ತಮಾ, ಧೂಳು, ಕುದುರೆ ಎರಡೂ ಆಗದು. ಮಕ್ಕಳಲ್ಲಿ ಅದು ಇಳಿದದ್ದು ಅವಳೊಬ್ಬಳಿಗೆ. ಕುದುರೆ ಎಂದರೆ ಅವಳಿಗೆ ಪ್ರಾಣ, ಆದರೆ ಮುಟ್ಟಿದರೆ ಪ್ರಾಣಕ್ಕೇ ಬರುತ್ತಿತ್ತು. ಯಾರದೋ ಬರ್ತ್‌ಡೇಯಲ್ಲಿ ಒಂದು ಹೆಣ್ಣು ಕುದುರೆಯ ಕತ್ತು ತಬ್ಬಿಕೊಂಡದ್ದಕ್ಕೆ ಕಣ್ಣು ಊದಿ, ಉಸಿರು ಸಿಕ್ಕಿಕೊಂಡು, ಅಪ್ಪ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದ. ಆಮೇಲೆ ಕುದುರೆಯ ಮಾತೇ ಇಲ್ಲ. ಶನಿವಾರ ಅಪ್ಪ ನನ್ನನ್ನು ಲಾಯಕ್ಕೆ ಬಿಟ್ಟು, ನನ್ನ ಕೆಲಸ ಮುಗಿಯುವ ತನಕ ಕಾರಿನ ಗಾಜುಗಳನ್ನೆಲ್ಲ ಏರಿಸಿಕೊಂಡು, ಒಳಗೆ ಕೂತು ಪೇಪರು ಓದುತ್ತಿದ್ದ. ಸುಧಾ ಹಿಂದಿನ ಸೀಟಿನಲ್ಲಿ ಗಾಜಿಗೆ ಮೂಗು ಒತ್ತಿಕೊಂಡು ಕೂರುತ್ತಿದ್ದಳು. ಅವರ ಕಾರು ನಿಲ್ಲುತ್ತಿದ್ದದ್ದು ಲಾಯದಿಂದ ದೂರ, ಆ ಓಕ್ ಮರದ ಹತ್ತಿರ. ಅಂದರೆ ಗುಂಗನ ಬೇಲಿಯ ಹತ್ತಿರ.

ಒಂದು ಶನಿವಾರ ಅಪ್ಪ ಪೇಪರಿನಲ್ಲಿ ಮುಳುಗಿದ್ದಾಗ ಅವಳು ಬಾಗಿಲು ತೆರೆದು ಇಳಿದೇ ಬಿಟ್ಟಳು. ನಾನು ಸಲಿಕೆ ಎಸೆದು ಓಡಿ ಬರುವಷ್ಟರಲ್ಲಿ ಗುಂಗನ ಹಣೆಗೆ ಹಣೆ ಹಚ್ಚಿ ನಿಂತಿದ್ದಳು. ಅಪ್ಪ ಅವಳನ್ನು ಎಳೆದುಕೊಂಡು ಹೋಗಿ ಕಾರಿನಲ್ಲಿ ಕೂರಿಸಿದ. ಎಲ್ಲರೂ ಕಾದೆವು. ಸೀನು ಬರಲಿಲ್ಲ. ಕಣ್ಣು ಊದಲಿಲ್ಲ.

"ಐ ಆಮ್ ಫೈನ್, ಅಪ್ಪಾ," ಎಂದಳು ಸುಧಾ.

"ಸುಮ್ನಿರು," ಎಂದ ಅಪ್ಪ. "ಇನ್ನೂ ಟೈಮ್ ಆಗಿಲ್ಲ."

ಟೈಮ್ ಆದರೂ ಏನೂ ಆಗಲಿಲ್ಲ. ಈ ಗುಂಗುರು ಕುದುರೆಗಳು ಕೆಲವು ಅಲರ್ಜಿಯವರಿಗೆ ಒಗ್ಗುತ್ತವಂತೆ, ತಾನೂ ಕೇಳಿದ್ದೇನೆ ಎಂದಳು ಲೊರೇನ್. ಅಪ್ಪ ನಂಬಲಿಲ್ಲ. ಡಾಕ್ಟರನ್ನು ಕೇಳಿ, ಒಂದು ವಾರ ಬರೀ ಮುಟ್ಟಲು ಬಿಟ್ಟ, ಇನ್ನೊಂದು ವಾರ ಮೈ ಒರೆಸಲು, ಆಮೇಲೆ ಮೇಲೆ ಕೂರಲು. ಬೇರೆ ಕುದುರೆಗಳ ಹತ್ತಿರ ಸುಳಿಯುವಂತಿಲ್ಲ. ಹೀಗೆ ಚಳಿಗಾಲವೆಲ್ಲ ಕಳೆದು ಸುಧಾ ಗುಂಗನನ್ನು ಕುಕ್ಕುಲೋಟದಲ್ಲಿ ಓಡಿಸುವಷ್ಟಾದಳು. ಇಲ್ಲೊಂದು ಎಚ್ಚರಿಕೆ: ಇದು ಎಲ್ಲರಿಗೂ ಒಗ್ಗುವುದಿಲ್ಲ. ಗುಂಗುರು ಕುದುರೆಯ ಹತ್ತಿರವೂ ಸೀನಿ ಸೀನಿ ಮನೆಗೆ ಹೋದವರನ್ನು ನಾನೇ ನೋಡಿದ್ದೇನೆ. ನನ್ನ ಪೋಸ್ಟು ಓದಿ ಮಗುವನ್ನು ಕುದುರೆ ಹತ್ತಿಸಬೇಡಿ, ಡಾಕ್ಟರನ್ನು ಕೇಳಿ.

ಮಾರ್ಚಿನಲ್ಲಿ ಲೊರೇನ್ ನನ್ನನ್ನು ಕರೆದು ಹೇಳಿದಳು. "ಸ್ಯಾನ್ ಹೊಸೆ ಕುದುರೆ ಶೋಗೆ ನೆವಾಡಾದವನು ಟ್ರಕ್ಕು ತರ್ತಾನೆ. ಈ ಕುದುರೆನ ಯಾರೂ ಕೇಳ್ತಿಲ್ಲ. ನಿಮ್ಮ ಮನೆಯವರು ಇವನ ಸಾಕಣೆಯಲ್ಲಿ ಪಾಲು ತಗೊಂಡ್ರೆ ಇಟ್ಕೋತೀನಿ. ಇಲ್ಲ ಅಂದ್ರೆ ಭಾನುವಾರ ಸಂಜೆ ಅವನ ಜೊತೆ ಹೋಗ್ತಾನೆ."

ಸುಧಾಗೆ ಆ ಊರಲ್ಲೆಲ್ಲ ಉಸಿರಾಡಲು ಬಿಡುತ್ತಿದ್ದ ಕುದುರೆ ಅದೊಂದೇ. ಊಟದ ಮೇಜಿನಲ್ಲಿ ಅವಳು ಬೇಡಿಕೊಂಡಳು, ನಾನು ಬೇಡಿಕೊಂಡೆ. ಅಪ್ಪ ಮೊಸರನ್ನ ಮುಗಿಸಿ ಹೇಳಿದ: "ಶೋ ಎರಡು ದಿನ ತಾನೆ? ಎರಡು ದಿನವೂ ಅವಳು ಅವನ ಜೊತೆಗೇ ಇರಲಿ. ನಾನು ನೋಡ್ತೀನಿ. ಒಂದೇ ಒಂದು ಸಲ ಕಣ್ಣು ಕೆಂಪಾಗಲಿ, ಕುದುರೆ ವಿಷಯ ಅಲ್ಲಿಗೆ ಮುಗೀತು."

ಗುಂಗನ ಟ್ರೇಲರನ್ನು ಶೋಗೆ ಎಳೆದೊಯ್ಯಲು ಪಾಟೀಲ್ ಅಂಕಲ್ ಬಂದರು. ಹುಬ್ಬಳ್ಳಿಯವರು, ಸರಟೋಗಾದಲ್ಲಿ ಮನೆ, ಅಪ್ಪನ ಆಫೀಸಿನವರು. ದೊಡ್ಡ ಪಿಕಪ್ ಟ್ರಕ್ಕು ಇಟ್ಟುಕೊಂಡು ಅದಕ್ಕೊಂದು ಕೆಲಸ ಹುಡುಕುತ್ತಿದ್ದವರು. "ನಮ್ಮ ಅಜ್ಜಾರ ಮನ್ಯಾಗ ಕುದರಿ ಇತ್ತವಾ. ನಾ ಕುದರಿ ಕಾಲಾಗ ಆಡಿ ಬೆಳದಾಂವ," ಎಂದು ಎಲ್ಲರಿಗೂ ಹೇಳುತ್ತಿದ್ದರು. ಟ್ರೇಲರನ್ನು ಹಿಂದಕ್ಕೆ ತೆಗೆಯಲು ಮಾತ್ರ ಅವರಿಗೆ ಕೊನೆಯವರೆಗೂ ಬರಲಿಲ್ಲ. ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. "ಇದಕ್ಕ ಬುದ್ಧಿ ಇಲ್ಲ," ಎಂದು ಟ್ರೇಲರಿಗೆ ಬೈದು, ಇಡೀ ಮೈದಾನ ಸುತ್ತಿ ಮುಂದಕ್ಕೇ ಓಡಿಸಿಕೊಂಡು ಬಂದು ನಿಲ್ಲಿಸುತ್ತಿದ್ದರು. ನೀವು ಈ ಕೆಲಸಕ್ಕೆ ಬರುವವರಾದರೆ ಸವಾರಿಗಿಂತ ಮೊದಲು ಇದನ್ನು ಕಲಿಯಿರಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಭ್ಯಾಸ ಮಾಡಿ.

ಶೋ ಶನಿವಾರ, ಭಾನುವಾರ. ಶುಕ್ರವಾರ ನಾನು ಲೊರೇನ್ ಜೊತೆ ಬೇರೆ ಕುದುರೆಗಳನ್ನು ಮೈದಾನಕ್ಕೆ ಸಾಗಿಸುತ್ತಿದ್ದೆ. ಗುಂಗನ ಸ್ನಾನ ಅಮ್ಮನಿಗೆ ಬಿಟ್ಟಿದ್ದೆವು. ಸುಧಾಗೆ ಸ್ಕೂಲು. ಸಂಜೆ ಬಂದಾಗ ಗುಂಗನ ಮೈಮೇಲೆ ನಮ್ಮ ಮನೆಯ ಹೂವಿನ ಬೆಡ್‌ಶೀಟು ಹೊದಿಸಿ, ಸೇಫ್ಟಿ ಪಿನ್ನು ಹಾಕಿ ನಿಲ್ಲಿಸಿದ್ದಳು. "ಕೊಳೆ ಆಗ್ಬಾರ್ದು ನೋಡು. ಬೆಳಿಗ್ಗೆ ತೆಗಿ," ಎಂದಳು. ಹಾಗೆಯೇ ಹತ್ತಿಸಿಕೊಂಡು ಹೋದೆವು.

ಬೆಳಿಗ್ಗೆ ಮೈದಾನದ ಅಂಚಿನಲ್ಲಿ, ಟ್ರೇಲರಿನ ಪಕ್ಕ, ಪಿನ್ನು ಬಿಚ್ಚಿ ಬೆಡ್‌ಶೀಟು ತೆಗೆದೆ. ಸುರುಳಿಯೇ ಇಲ್ಲ. ಕೂದಲೆಲ್ಲ ಮೈಗೆ ಅಂಟಿಕೊಂಡು, ಸ್ಕೂಲ್ ಫೋಟೋಗೆ ಹೊರಟ ಹುಡುಗನ ತಲೆಯಂತೆ ನುಣ್ಣಗೆ ಮಿರುಗುತ್ತಿತ್ತು. ಲೊರೇನ್ ಬಾಯಲ್ಲಿದ್ದ ಸಿಗರೇಟು ತೆಗೆದಳು.

"ಕುದುರೆ ಎಲ್ಲಿ?" ಎಂದಳು.

"ಅಮ್ಮಾ, ಏನ್ ಮಾಡಿದೆ?"

"ಎಣ್ಣೆಸ್ನಾನ ಮಾಡಿಸಿದೆ," ಎಂದಳು ಅಮ್ಮ. "ಇಷ್ಟು ಜನ ನೋಡೋಕೆ ಬರ್ತಾರೆ, ಒಣ ಮೈಯಲ್ಲಿ ಕಳಿಸ್ಲಾ? ಹಬ್ಬಕ್ಕೆ ನಿಮಗೆ ಮಾಡಿಸಲ್ವಾ? ಚೆನ್ನಾಗಿ ಕೊಬ್ಬರಿ ಎಣ್ಣೆ ತಿಕ್ಕಿದೆ. ಪಾಪ, ಕಣ್ಣು ಮುಚ್ಕೊಂಡು ನಿಂತಿತ್ತು."

ಬೈಯಲು ಹೊತ್ತಿರಲಿಲ್ಲ. ಬೆಳಗಿನ ಸ್ಪರ್ಧೆಯಲ್ಲಿ ಸವಾರಿ ಇಲ್ಲ. ಕುದುರೆಯನ್ನು ಹಗ್ಗ ಹಿಡಿದು ನಡೆಸಿ, ಸಾಲಾಗಿ ನಿಲ್ಲಿಸಬೇಕು. ತೀರ್ಪುಗಾರ ಮೈಕಟ್ಟು ನೋಡುತ್ತಾನೆ. ಸುಧಾ ಹಗ್ಗ ಹಿಡಿದು ಒಳಗೆ ಹೋದಳು. ಅಪ್ಪ ಬೇಲಿಗೆ ಆತುಕೊಂಡು, ಕನ್ನಡಕ ಒರೆಸಿಕೊಂಡು, ಕುದುರೆಯನ್ನು ಬಿಟ್ಟು ಮಗಳ ಮುಖವನ್ನೇ ನೋಡುತ್ತಾ ನಿಂತ.

ಬಿಸಿಲು ಏರಿತು. ಗುಂಗ ಒಂದು ಸಲ ಮೈ ಝಾಡಿಸಿದ. ಅವನ ಮೈಯಿಂದ ಕಂದು ಬಣ್ಣದ ಧೂಳು ಮೋಡದಂತೆ ಎದ್ದಿತು. ಸುಧಾ ಸೀನಿದಳು. ಮತ್ತೆ ಸೀನಿದಳು. ಸೀನುತ್ತಲೇ ಅವನನ್ನು ಬೇರೆ ಕುದುರೆಗಳಿಂದ ದೂರ, ಸಾಲಿನ ತುದಿಯಲ್ಲಿ ನಿಲ್ಲಿಸಿದಳು. ಕಣ್ಣು ಕೆಂಪು, ಮೂಗು ಕೆಂಪು. ಅಪ್ಪ ಗೇಟು ತೆಗೆಯುವವರೆಗೂ ಕಾಯಲಿಲ್ಲ, ಬೇಲಿ ದಾಟಿದ. ನನ್ನಪ್ಪ ಬೇಲಿ ದಾಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹಗ್ಗ ಬಿಡು. ನಡಿ ಕಾರಿಗೆ."

"ಅಪ್ಪಾ, ಪ್ಲೀಸ್! ಐ ಕ್ಯಾನ್ ಬ್ರೀದ್!"

"ನಾನು ಹೇಳಿದ್ದೆ ತಾನೆ? ಮುಗೀತು."

ಬೇಲಿಯಾಚೆ ನೆವಾಡಾದವನು ಟೋಪಿ ಸರಿಮಾಡಿಕೊಂಡು ಲೊರೇನ್ ಕಡೆ ನೋಡಿದ. ಲೊರೇನ್ ತಲೆ ಆಡಿಸಿದಳು: ಕೊಂಡೊಯ್ಯಿ. ಸುಧಾ ಕಣ್ಣಲ್ಲಿ ನೀರು ಬಂದದ್ದು ಎಷ್ಟು ಅಲರ್ಜಿಗೆ, ಎಷ್ಟು ಅಳುವಿಗೆ ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ.

ಗುಂಗನನ್ನು ನಾನು ಹೊರಗೆ ಕರೆದುಕೊಂಡು ಬರಬೇಕು ಎನ್ನುವಷ್ಟರಲ್ಲಿ ತೀರ್ಪುಗಾರ ಹತ್ತಿರ ಬಂದ. ಗಂಭೀರ ಮನುಷ್ಯ, ಟೈ ಕಟ್ಟಿದ್ದ. ಇದೆಂಥ ಕೂದಲು ಎಂದು ಬಗ್ಗಿ, ಅಂಗೈಯಿಂದ ಒಮ್ಮೆ ಹಿಂದುಮುಂದಾಗಿ ತೀಡಿ ನೋಡಿದ. ಟೋಪಿ ಬೀಳುವ ಹಾಗೆ ಸೀನಿದ. ಅವನ ಹಿಂದಿದ್ದ ಸಹಾಯಕಿ ಸೀನಿದಳು. ಟ್ರೇಲರಿನ ಹತ್ತಿರ ಬಂದರೆ ಪಾಟೀಲ್ ಅಂಕಲ್ ಗುಂಗನ ಕತ್ತು ತಟ್ಟಿ ಸಮಾಧಾನ ಮಾಡಿ, ತಾವೂ ಸೀನಿದರು.

"ಏನಿದು ಗೀತಾ? ಹುಟ್ಟಿದಾಗಿಂದ ಕುದರಿಗೆ ಸೀನಿಲ್ಲ ನಾ. ಮೂಗಿನ್ಯಾಗ ಬೆಂಕಿ ಹೊಕ್ಕಂಗಾತು!"

ಆಗ ನಾನು ಗುಂಗನ ಹೆಗಲಿಗೆ ಮೂಗಿಟ್ಟು ಮೂಸಿದೆ. ನಮ್ಮ ಮನೆಯ ಭಾನುವಾರದ ಬಾತ್‌ರೂಮಿನ ವಾಸನೆ.

"ಅಮ್ಮಾ, ಎಣ್ಣೆ ಹೋಗೋಕೆ ಏನು ಹಾಕ್ದೆ?"

"ಸೀಗೆಪುಡಿ. ಇನ್ನೇನು ಹಾಕ್ತಾರೆ? ಊರಿಂದ ಬಂದಿದ್ದು ಒಂದು ಡಬ್ಬ ಪೂರ್ತಿ ಹಿಡೀತು. ಪೈಪಿನ ನೀರು ತಣ್ಣಗಿತ್ತು, ಸರಿಯಾಗಿ ಹೋಯ್ತೋ ಇಲ್ವೋ..." ಎಂದವಳು ತಾನೇ ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೀಗೆಪುಡಿಯ ಡಬ್ಬ ತೆರೆದ ಕೂಡಲೇ ಮನೆಮಂದಿಯೆಲ್ಲ ಸೀನುವುದು ನಮಗೆಲ್ಲ ಗೊತ್ತಿರುವುದೇ. ಅಮೆರಿಕದಲ್ಲಿ ಒಂದು ಇಡೀ ಕುದುರೆಗೆ ಅದನ್ನು ಮೆತ್ತಿ, ಒಣಗಿಸಿ, ಬಿಸಿಲಲ್ಲಿ ನಿಲ್ಲಿಸಿದವರು ನಾವೊಬ್ಬರೇ ಇರಬೇಕು.

ನಾನು ಕಾರಿಗೆ ಓಡಿದೆ. ಅಪ್ಪ ಗಾಜು ಏರಿಸಿಕೊಂಡು ಕೂತಿದ್ದ, ಹಿಂದೆ ಸುಧಾ. ಕಿಟಕಿ ಬಡಿದು ಹೇಳಿದೆ. ಅಪ್ಪ ಒಂದು ಬೆರಳಗಲ ಗಾಜು ಇಳಿಸಿದ.

"ಇರಬಹುದು. ಆದ್ರೆ ಅದು ಊಹೆ. ಸೀಗೆಪುಡಿಗೂ ಸೀನಿರಬಹುದು, ಕುದುರೆಗೂ ಸೀನಿರಬಹುದು. ಎರಡನ್ನೂ ಬೇರೆ ಮಾಡೋದು ಹೇಗೆ? ಊಹೆ ಮೇಲೆ ನಾನು ಮಗಳನ್ನ ಕೂರಿಸಲ್ಲ."

ಅಮ್ಮ ನನ್ನ ಹಿಂದೆಯೇ ಬಂದಿದ್ದಳು. "ಸೀಗೆಪುಡಿ ತೆಗೆದುಬಿಟ್ರೆ ಬೇರೆ ಆಗುತ್ತಲ್ರೀ," ಎಂದಳು.

ಮಧ್ಯಾಹ್ನವೆಲ್ಲ ತೊಳೆದೆವು. ಲೊರೇನ್ ತನ್ನ ಶಾಂಪೂ ಕೊಟ್ಟಳು, ಸಾಲದೆ ಪಕ್ಕದವರದ್ದೂ ಕೇಳಿ ತಂದಳು. ಪಾಟೀಲ್ ಅಂಕಲ್ ಪೈಪು ಹಿಡಿದರು. ಗುಂಗನಿಗಿಂತ ಅವರೇ ಹೆಚ್ಚು ನೆಂದರು. ನಾನೂ ಅಮ್ಮನೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಿಕ್ಕಿದೆವು. ಮೊದಲು ಬಂದ ನೀರು ಸಾರಿನ ಬಣ್ಣದ್ದು. ಬರುಬರುತ್ತಾ ತಿಳಿಯಾಯಿತು. ನೊರೆ, ನೀರು, ಮತ್ತೆ ನೊರೆ. ಸುಧಾಗೆ ಹತ್ತಿರ ಬರಲು ಅನುಮತಿ ಇರಲಿಲ್ಲ. ದೂರದಿಂದಲೇ "ಅಮ್ಮಾ, ನಾಟ್ ದಿ ಇಯರ್ಸ್! ಹಿ ಹೇಟ್ಸ್ ಇಟ್!" ಎಂದು ಕೂಗುತ್ತಿದ್ದಳು. ಕೊನೆಗೆ ಅಮ್ಮ ಬೆರಳಲ್ಲಿ ಹಿಂಡಿ ಹಿಂಡಿ ಸುರುಳಿ ಕೂರಿಸಿದಳು. ಬೆಡ್‌ಶೀಟನ್ನು ಮಡಿಸಿ ಟ್ರಕ್ಕಿಗೆ ಎಸೆದಳು.

ಭಾನುವಾರ ಬೆಳಿಗ್ಗೆ ಗುಂಗ ಗುಂಗನಾಗಿದ್ದ. ಮೈಮೇಲಿನ ಒಂದೊಂದು ಸುರುಳಿಯೂ ಅದರದರ ಜಾಗಕ್ಕೆ ಬಂದಿತ್ತು. ನೆವಾಡಾದವನು ಟ್ರಕ್ಕಿನ ಹಿಂಬಾಗಿಲು ತೆರೆದಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದ. ಸವಾರಿ ಸ್ಪರ್ಧೆಗೆ ಹೆಸರು ಕೂಗುವ ಹೊತ್ತು. ಸುಧಾ ಬೂಟು, ಟೋಪಿ ಹಾಕಿಕೊಂಡು ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. (ಆಗ ಬರೀ ಟೋಪಿ. ಈಗ ಹೆಲ್ಮೆಟ್ಟಿಲ್ಲದೆ ಯಾರನ್ನೂ ಹತ್ತಿಸಬೇಡಿ. ಅಷ್ಟು ವರ್ಷ ನಾವು ಬದುಕಿದ್ದು ಅದೃಷ್ಟ, ಜಾಣತನ ಅಲ್ಲ.)

"ಅಪ್ಪಾ?" ಎಂದಳು.

ಅಪ್ಪ ಗುಂಗನನ್ನು ನೋಡಿದ. ಆಮೇಲೆ ಜೇಬಿನಿಂದ ತನ್ನ ಇನ್‌ಹೇಲರ್ ತೆಗೆದು ಅಮ್ಮನ ಕೈಗೆ ಕೊಟ್ಟ.

"ಇಟ್ಕೊ. ಬೇಕಾದ್ರೆ ಕೊಡು."

"ಏನ್ರೀ ಮಾಡ್ತೀರಾ?"

"ಅವಳಿಗಿಂತ ನನಗೆ ಜಾಸ್ತಿ ಇದೆ. ನನಗೆ ಏನೂ ಆಗದಿದ್ರೆ ಅವಳಿಗೂ ಆಗಲ್ಲ."

ಮೈಸೂರಿನಲ್ಲಿ ಜಟಕಾ ಬಂದರೆ ಫುಟ್‌ಪಾತಿನ ಆಚೆ ಬದಿಗೆ ಹೋಗುತ್ತಿದ್ದ ಮನುಷ್ಯ. ಮೆಲ್ಲಗೆ ಹತ್ತಿರ ಹೋದ. ಗುಂಗ ತಲೆ ತಿರುಗಿಸಿ ಅವನ ಶರ್ಟಿನ ಜೇಬು ಮೂಸಿದ. ಅಪ್ಪ ಕನ್ನಡಕ ತೆಗೆದು, ಕತ್ತಿನ ಸುರುಳಿಗಳೊಳಗೆ ಮುಖ ಹುದುಗಿಸಿ, ಎದೆ ಪೂರ್ತಿ ಉಸಿರು ಎಳೆದುಕೊಂಡ. ಬಿಟ್ಟ. ಮತ್ತೆ ಎಳೆದುಕೊಂಡ. ಲೊರೇನ್ ಬಂದು ಏನೋ ಕೇಳಲು ಹೋದಳು, ನಾನು ಕೈ ಅಡ್ಡ ಹಿಡಿದೆ. ಹೆಸರು ಕೂಗಿದರು. ಅಪ್ಪ ಕದಲಲಿಲ್ಲ. ಎರಡನೇ ಸಲ ಕೂಗಿದರು. ಪಾಟೀಲ್ ಅಂಕಲ್ ಗೇಟಿನವನ ಹತ್ತಿರ ಓಡಿ "ಒನ್ ಮಿನಿಟ್ ಸರ್, ಟೆಸ್ಟಿಂಗ್, ಟೆಸ್ಟಿಂಗ್!" ಎಂದು ಕೈ ಬೀಸಿದರು.

ಅಪ್ಪ ಮುಖ ಎತ್ತಿದ. ಕೆನ್ನೆಯ ಮೇಲೆ ಒಂದು ಗುಂಗುರು ಕೂದಲು ಅಂಟಿತ್ತು. ಕಣ್ಣು ಬಿಳಿಯಾಗಿಯೇ ಇತ್ತು. ಕನ್ನಡಕ ಹಾಕಿಕೊಂಡು, ಸುಧಾ ಕಡೆ ತಿರುಗಿ, "ಹತ್ತು," ಎಂದ.

ಅವಳಿಗೆ ಬಹುಮಾನ ಏನೂ ಬರಲಿಲ್ಲ. ಗುಂಗ ತಿರುವಿನಲ್ಲಿ ಹುಲ್ಲು ಕಂಡು ನಿಂತುಬಿಟ್ಟ. ನೆವಾಡಾದವನ ಟ್ರಕ್ಕು ಸಂಜೆ ಖಾಲಿ ಹೋಯಿತು. ಲೊರೇನ್ ಲಾಯದ ಗೋಡೆಗೆ ಒಂದು ಬೋರ್ಡು ಬರೆದು ಹಾಕಿದಳು: ಮನೆಯಿಂದ ತಂದದ್ದು ಯಾವುದನ್ನೂ ಕುದುರೆಗೆ ಹಚ್ಚಬಾರದು. ಅದರ ಕೆಳಗೆ ಇನ್ನೊಂದು ಸಾಲು: ಬೆರಳುಗಳು ಮಾತ್ರ ಪರವಾಗಿಲ್ಲ.

ಮುಂದಿನ ಶನಿವಾರ ಸಲಿಕೆ ಹಿಡಿದು ಹೊರಗೆ ಬಂದು ಓಕ್ ಮರದ ಕಡೆ ನೋಡಿದೆ. ಅಪ್ಪನ ಕಾರು ಎಂದಿನ ಜಾಗದಲ್ಲೇ ಇತ್ತು. ಗಾಜುಗಳೆಲ್ಲ ಇಳಿದಿದ್ದವು, ಸೀಟಿನ ಮೇಲೆ ಪೇಪರು ಮಡಿಸಿದ್ದು ಮಡಿಸಿದ ಹಾಗೇ ಇತ್ತು, ಒಳಗೆ ಯಾರೂ ಇರಲಿಲ್ಲ.